ಎಂಬತ್ತಕ್ಕೆ ನಡುಗುವ ಕಾರು

ಸಕಲೇಶಪುರದ ಆತಿಕಾ ಕಾರು ಓಡಿಸಲು ಕಲಿತದ್ದು ಗಂಡ ತೀರಿಕೊಂಡು ತವರಿಗೆ ಮರಳಿದ ಮೇಲೆ. ಕಲಿಸಿದವರು ಅವಳ ತಂದೆ ಮಹಮ್ಮದ್ ಇಸ್ಮಾಯಿಲ್. ಪೇಟೆಯ ಟ್ಯಾಕ್ಸಿ ನಿಲ್ದಾಣದಲ್ಲಿ ಅವರದೊಂದು ಬಿಳಿ ಅಂಬಾಸಿಡರ್ ಬಹಳ ಕಾಲದಿಂದ ಇತ್ತು. ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತಿದ್ದ ಕಾಫಿ ಒಣಗಿಸುವ ಕಣಕ್ಕೆ ಮಗಳನ್ನು ಕರೆದೊಯ್ದು ಅವರು ಪಕ್ಕದಲ್ಲಿ ಕೂರುತ್ತಿದ್ದರು. ಬೈಯುವ ಅಭ್ಯಾಸ ಅವರಿಗಿರಲಿಲ್ಲ. ಗೇರು ಕರಕರ ಎಂದಾಗ ಮುಖ ಕಿಟಕಿಯ ಕಡೆ ತಿರುಗಿಸಿಬಿಡುತ್ತಿದ್ದರು. ಆತಿಕಾ ಅದನ್ನೇ ನೋಡಿ ನೋಡಿ ತಿದ್ದಿಕೊಂಡಳು.

ಆಮೇಲೆ ಕೆಲವು ವರ್ಷ ಅವಳು ಹೆತ್ತೂರಿನ ಕಡೆಯ ಮಕ್ಕಳನ್ನು ಶಾಲೆಗೆ ತರುವ ವ್ಯಾನು ಓಡಿಸಿದಳು. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ಅದೇ ಹೊತ್ತಿಗೆ ಇಸ್ಮಾಯಿಲ್ ಅವರ ಕಣ್ಣು ಮಂಜಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿದರೂ ಎದುರಿನ ಗಾಡಿ ಕಾಣುವಷ್ಟು ತಿಳಿಯಾಗಲಿಲ್ಲ. ಅಂಬಾಸಿಡರ್ ಮನೆಯ ಪಕ್ಕದ ಶೀಟಿನ ಮಾಡಿನ ಕೆಳಗೆ ನಿಂತುಹೋಯಿತು. ಕಾಫಿ ಲಾರಿ ಓಡಿಸುವ ತಮ್ಮ ರಯೀಸ್ ಅದನ್ನು ಗುಜರಿಗೆ ಹಾಕೋಣ ಎಂದ. ಆತಿಕಾ ಬ್ಯಾಟರಿ ಹಾಕಿಸಿ, ಇಲಿ ಕಡಿದಿದ್ದ ವೈರುಗಳನ್ನು ಬದಲಾಯಿಸಿ, ಕಾರನ್ನು ಮತ್ತೆ ರಸ್ತೆಗೆ ಇಳಿಸಿದಳು.

ಅವಳಿಗೆ ಕಾಯಂ ಆಗಿ ಸಿಕ್ಕವರು ಡಯಾಲಿಸಿಸ್ ಮಾಡಿಸಿಕೊಳ್ಳುವ ಇಬ್ಬರು. ಮೊದಲಿಗೆ ಬಂದವಳು ಪಾರ್ವತಮ್ಮ, ಹೆತ್ತೂರಿನ ಆಚೆಯ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಯಲ್ಲಿ ಬದುಕು ಕಳೆದವಳು. ಮೂತ್ರಪಿಂಡ ಕೆಟ್ಟ ಮೇಲೆ ಹತ್ತಿರದಲ್ಲೆಲ್ಲೂ ಸರದಿ ಸಿಗದೆ ವಾರದಲ್ಲಿ ಮೂರು ದಿನ ಹಾಸನಕ್ಕೆ ಹೋಗಬೇಕಾಗಿ ಬಂದಿತ್ತು. ಹಿಂದಿನ ಸಂಜೆ ಬಸ್ಸಿನಲ್ಲಿ ಸಕಲೇಶಪುರದ ತಂಗಿಯ ಮನೆಗೆ ಬಂದು ಮಲಗಿ, ಬೆಳಿಗ್ಗೆ ಆತಿಕಾಳ ಕಾರು ಹತ್ತುತ್ತಿದ್ದಳು. ಎರಡನೆಯವರು ಜವರಪ್ಪ. ಅವರ ಊರು ಆಲೂರು ತಾಲ್ಲೂಕಿನ ಪಾಳ್ಯ. ಒಂದು ದೊಡ್ಡ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಮನೆಯಲ್ಲಿ ಯಂತ್ರಗಳನ್ನು ನೋಡಿಕೊಂಡು ಕೂದಲು ನರೆಸಿಕೊಂಡವರು. ಹೆದ್ದಾರಿಯ ಪಕ್ಕದಲ್ಲೇ ನಿಂತು ಕಾಯುತ್ತಿದ್ದರು. ಕಾರು ಹತ್ತುವಾಗ ಎಡಗೈಯನ್ನು ಮಗುವಿನಂತೆ ಎದೆಗೆ ಒತ್ತಿಕೊಂಡಿರುತ್ತಿದ್ದರು. ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿದ್ದ ಕೈ ಅದು.

ಹಾಸನದಿಂದ ಸಕಲೇಶಪುರಕ್ಕೆ ನಾಲ್ಕು ಪಥದ ರಸ್ತೆ ಆಗುತ್ತಿದ್ದ ಕಾಲ. ಅಗೆದ ಮಣ್ಣು, ಅಡ್ಡದಾರಿ, ಧೂಳು, ಕೆಸರು ಎಂದು ವರ್ಷಗಟ್ಟಲೆ ಎಳೆದಾಡಿದ ಕೆಲಸ ಕೊನೆಗೂ ಮುಗಿಯುತ್ತಾ ಬಂದು, ಬಾಳ್ಳುಪೇಟೆಯಿಂದ ಹಾಸನದ ಕಡೆಗೆ ರಸ್ತೆ ತೆರವಾಯಿತು. ಅಲ್ಲಿಯವರೆಗೆ ಮೂರನೇ ಗೇರಿನಲ್ಲಿ ತೆವಳುತ್ತಿದ್ದವರೆಲ್ಲ ಟಾಪ್ ಗೇರಿಗೆ ಬಂದರು. ಆತಿಕಾ ಕೂಡ ಬಂದಳು. ಎಪ್ಪತ್ತೈದು ದಾಟಿ ವೇಗದ ಮುಳ್ಳು ಎಂಬತ್ತರ ಹತ್ತಿರ ಹೋದಾಗ ಕಾರು ನಡುಗತೊಡಗಿತು.

ಮೊದಲ ದಿನ ಅವಳು ರಸ್ತೆಯೇ ಹಾಗಿರಬೇಕೆಂದುಕೊಂಡಳು. ಮರುಸಲ ಅದೇ ಜಾಗವನ್ನು ಅರವತ್ತರಲ್ಲಿ ದಾಟಿದಳು, ಏನೂ ಆಗಲಿಲ್ಲ. ಎಂಬತ್ತಕ್ಕೆ ಏರಿಸಿದಳು, ಹಿಂದಿನ ಸೀಟಿನ ಕೆಳಗಿನಿಂದ ಗುಂಯ್ ಎಂದು ಎದ್ದ ನಡುಕ ಬಾಗಿಲಿನ ಗಾಜುಗಳವರೆಗೆ ಹಬ್ಬಿತು. ಸ್ಟೀರಿಂಗ್ ಮಾತ್ರ ಅವಳ ಕೈಯಲ್ಲಿ ತೆಪ್ಪಗಿತ್ತು. ವೇಗ ಇಳಿಸಿದರೆ ನಿಲ್ಲುತ್ತಿತ್ತು, ಆದರೆ ನಿಧಾನವಾಗಿ ಹೋಗುವುದು ಬಹಳ ದಿನ ನಡೆಯುವಂತಿರಲಿಲ್ಲ. ಹಿಂದಿನಿಂದ ಬರುವ ಟ್ಯಾಂಕರುಗಳು ಮೈಮೇಲೆ ಬಂದಂತೆ ಹಾರನ್ ಒತ್ತುತ್ತಿದ್ದವು. ಹಾಸನದಲ್ಲಿ ಬೆಳಗಿನ ಸರದಿಗೆ ತಡವಾದರೆ ಯಂತ್ರದ ಮೇಲಿನ ಹೊತ್ತು ಅಷ್ಟು ಮೊಟಕಾಗುತ್ತಿತ್ತು.

ಜವರಪ್ಪ ಹಿಂದಿನ ಸೀಟಿನಲ್ಲಿ ಕೂತು ಕೆಲವು ದಿನ ಸುಮ್ಮನೆ ಗಮನಿಸಿದರು. ಆಮೇಲೆ ತಮ್ಮ ತೀರ್ಮಾನ ಹೇಳಿದರು.

“ಇದು ಟಯರ್ದು ಕಣಮ್ಮ. ಹಿಂದ್ಲು ಚಕ್ರ ಎಲ್ಲೋ ಉಬ್ಬೈತೆ.”

ಹಿಂದಿನ ಎಡಗಡೆಯ ಟೈರಿನ ಒಳಬದಿ ನಿಜವಾಗಿಯೂ ಉಬ್ಬಿತ್ತು. ಆತಿಕಾ ಟೈರು ಬದಲಾಯಿಸಿ, ಹಾಸನದಲ್ಲಿ ನಾಲ್ಕೂ ಚಕ್ರಗಳಿಗೆ ಬ್ಯಾಲೆನ್ಸಿಂಗ್ ಮಾಡಿಸಿದಳು. ವಾಪಸು ಬರುವಾಗ ಪಾಳ್ಯ ತಲುಪುವುದರೊಳಗೆ ಕಾರು ಮೊದಲಿನಂತೆಯೇ ನಡುಗಿತು. ಜವರಪ್ಪ ತಾನು ಹೇಳಿದ್ದು ತಪ್ಪಾಯಿತೆಂದು ಒಪ್ಪಿಕೊಂಡರು. ಉಬ್ಬಿದ ಟೈರು ಹೇಗಿದ್ದರೂ ಬದಲಾಗಬೇಕಿತ್ತು ಬಿಡಿ ಎಂದಳು ಆತಿಕಾ.

ಮನೆಯಲ್ಲಿ ತಂದೆಗೆ ಈ ವಿಷಯ ರುಚಿಸಲಿಲ್ಲ. ಮಾರನಹಳ್ಳಿಗೆ, ಹೆತ್ತೂರಿಗೆ, ಹೆಸರಿಲ್ಲದ ಎಸ್ಟೇಟು ದಾರಿಗಳಿಗೆ ತಾನು ಓಡಿಸಿದ ಕಾರು ಅದು, ಎಡಕುಮೇರಿಯ ರೈಲ್ವೆ ಕೆಲಸದವರನ್ನು ಮಳೆಯಲ್ಲಿ ಹೊತ್ತು ತಂದ ಕಾರು, ತನ್ನ ಕೈಯಲ್ಲಿ ಒಂದು ದಿನವೂ ನಡುಗಿದ್ದಿಲ್ಲ ಎಂದರು. ವ್ಯಾನು ಓಡಿಸಿ ಅವಳ ಕಾಲು ಭಾರವಾಗಿದೆ, ಕ್ಲಚ್ಚನ್ನು ಒದ್ದು ಬಿಡುತ್ತಾಳೆ ಎಂದು ಕೂಡ ಸೇರಿಸಿದರು. ಲಾರಿಯ ಸರದಿ ಮುಗಿಸಿ ಬಂದಿದ್ದ ರಯೀಸ್ ಮತ್ತೆ ಗುಜರಿಯ ಮಾತು ತೆಗೆದ. ಇಸ್ಮಾಯಿಲ್ ಊಟದ ತಟ್ಟೆ ಸರಿಸಿ ಎದ್ದುಹೋದರು. ಅಂದಿನಿಂದ ಕಾರಿನ ಬಗ್ಗೆ ಅವರ ಮುಂದೆ ಮಾತಾಡುವುದನ್ನೇ ಅಕ್ಕ ತಮ್ಮ ಬಿಟ್ಟರು.

ಕಾರಿನ ನಡುಕದಿಂದ ಹೆಚ್ಚು ಕಷ್ಟಪಟ್ಟವಳು ಪಾರ್ವತಮ್ಮ. ಹೋಗುವಾಗ ಹೇಗೋ ತಡೆದುಕೊಳ್ಳುತ್ತಿದ್ದಳು. ಬರುವಾಗ ಮೈಯ ನೀರನ್ನೆಲ್ಲ ಯಂತ್ರ ಹಿಂಡಿ ತೆಗೆದಿರುತ್ತಿತ್ತು. ರಕ್ತದೊತ್ತಡ ಇಳಿದು ತಲೆ ಎತ್ತಲಾಗುತ್ತಿರಲಿಲ್ಲ. ಆ ಸ್ಥಿತಿಯಲ್ಲಿ ಕಾರು ನಡುಗಿದರೆ ವಾಂತಿಯಾಗುತ್ತಿತ್ತು. ಆತಿಕಾ ರಸ್ತೆಬದಿಗೆ ನಿಲ್ಲಿಸಿ, ಬಾಗಿಲು ತೆರೆದು, ಅವಳ ಹಣೆ ಹಿಡಿದುಕೊಳ್ಳುತ್ತಿದ್ದಳು. ಬಾಯಿ ಮುಕ್ಕಳಿಸಲಷ್ಟೇ ನೀರು; ಕುಡಿಯುವ ನೀರಿಗೆ ವೈದ್ಯರ ಅಳತೆ ಇತ್ತು.

ಒಂದು ಬುಧವಾರ ಪಾರ್ವತಮ್ಮ ಕಾರು ಹತ್ತಲು ಬರಲೇ ಇಲ್ಲ. ಶುಕ್ರವಾರವೂ ಬರಲಿಲ್ಲ. ಆತಿಕಾ ಜವರಪ್ಪನವರನ್ನು ಪಾಳ್ಯದಲ್ಲಿ ಇಳಿಸಿದವಳೇ ಹೆತ್ತೂರಿನ ದಾರಿ ಹಿಡಿದಳು. ಲೈನಿನ ಮನೆಯ ಜಗಲಿಯಲ್ಲಿ ಪಾರ್ವತಮ್ಮ ಗೋಡೆಗೊರಗಿ ಕೂತಿದ್ದಳು. ಮುಖ ಊದಿತ್ತು, ಪಾದಗಳು ಚಪ್ಪಲಿಗೆ ಹಿಡಿಸದಷ್ಟು ದಪ್ಪವಾಗಿದ್ದವು.

“ನಾಲ್ಕು ಗಂಟೆ ಆ ಕುರ್ಚಿಲಿ ಬಿದ್ದಿದ್ದು ಎದ್ರೆ ಜೀವನೇ ಇರಲ್ಲ ನಂಗೆ,” ಎಂದಳು. “ಅದ್ರ ಮೇಲೆ ನಿನ್ ಕಾರು ಕರುಳೆಲ್ಲ ಕಲಸ್ಬುಡ್ತದೆ. ನಾನಿನ್ನು ಬರಲ್ಲ ಕಣವ್ವ. ಆದಷ್ಟು ದಿನ ಆಗ್ಲಿ.”

ಬಿಟ್ಟರೆ ಏನಾಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಸಕಲೇಶಪುರದಲ್ಲಿ ಬೇರೊಬ್ಬರ ಹೊಸ ಕಾರನ್ನು ಕೇಳಿಕೊಂಡು ಶನಿವಾರ ಬೆಳಿಗ್ಗೆ ಅವಳನ್ನು ಹಾಸನಕ್ಕೆ ಸೇರಿಸಿದಳು. ಶ್ವಾಸಕೋಶಕ್ಕೆ ನೀರು ತುಂಬತೊಡಗಿದೆಯೆಂದು ಅಲ್ಲಿ ಕೆಲವು ದಿನ ಇಟ್ಟುಕೊಂಡರು. ಬೇರೆಯವರ ಕಾರು ದಿನವೂ ಸಿಗುವಂಥದಲ್ಲ. ಪಾರ್ವತಮ್ಮ ಮನೆಗೆ ಮರಳುವುದರೊಳಗೆ ತನ್ನ ಕಾರಿನ ನಡುಕ ನಿಲ್ಲಿಸಬೇಕೆಂದು ಆತಿಕಾ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು.

ಸೋಮವಾರ ಕಾರಿನಲ್ಲಿ ಇದ್ದವರು ಅವಳು ಮತ್ತು ಜವರಪ್ಪ ಮಾತ್ರ. ಟೈರಿನ ವಿಷಯದಲ್ಲಿ ಮುಖಭಂಗವಾಗಿದ್ದ ಜವರಪ್ಪ ಈ ಸಲ ತೀರ್ಮಾನ ಹೇಳುವ ಆತುರ ಮಾಡಲಿಲ್ಲ. ಪಲ್ಪಿಂಗ್ ಮನೆಯಲ್ಲಿ ತಾವು ಮಾಡುತ್ತಿದ್ದುದನ್ನು ನೆನಪಿಸಿಕೊಂಡರು. ಅಲ್ಲಿ ಒಂದೇ ಎಂಜಿನ್ನು, ಅದರಿಂದ ಮೇಲಿನ ಉದ್ದ ಶಾಫ್ಟಿಗೆ ಒಂದು ಬೆಲ್ಟು, ಶಾಫ್ಟಿನಿಂದ ಒಂದೊಂದು ಯಂತ್ರಕ್ಕೂ ಒಂದೊಂದು ಬೆಲ್ಟು. ಎಲ್ಲಿಂದಲೋ ಅದುರಿಕೆ ಬಂದರೆ ಬೆಲ್ಟುಗಳನ್ನು ಒಂದೊಂದಾಗಿ ಕಳಚುತ್ತಾ ಹೋಗುತ್ತಿದ್ದರು. ಯಾವುದನ್ನು ಕಳಚಿದಾಗ ಅದುರು ನಿಂತಿತೋ ಕಾಯಿಲೆ ಅದರ ಆಚೆ. ಕಾರಿನಲ್ಲಿ ಕಳಚಲು ಬೆಲ್ಟಿಲ್ಲ, ಆದರೆ ಎಂಜಿನ್ನನ್ನು ಚಕ್ರದಿಂದ ಬಿಡಿಸಬಹುದಲ್ಲ ಎಂದರು.

ಪಾಳ್ಯ ದಾಟಿದ ಮೇಲೆ ರಸ್ತೆ ನೇರವಾಗಿ, ಸ್ವಲ್ಪ ಇಳಿಜಾರಾಗಿತ್ತು. ಹಿಂದೆ ಮುಂದೆ ಗಾಡಿಯಿಲ್ಲದ್ದನ್ನು ನೋಡಿಕೊಂಡು ಆತಿಕಾ ಎಂಬತ್ತಕ್ಕೆ ಏರಿಸಿದಳು. ನಡುಕ ಬಂತು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆದಳು. ಎಂಜಿನ್ನಿನ ಸದ್ದು ಇಳಿದು ಕಾರು ತನ್ನ ಪಾಡಿಗೆ ಉರುಳಿತು. ನಡುಕ ಹಾಗೆಯೇ ಇತ್ತು. ಮುಳ್ಳು ಎಪ್ಪತ್ತಕ್ಕೆ ಇಳಿದಾಗ ಕರಗಿಹೋಯಿತು. ಹಾಸನದಲ್ಲಿ ಕಾರು ನಿಲ್ಲಿಸಿ ಎಂಜಿನ್ನನ್ನು ಜೋರಾಗಿ ರೇಸ್ ಮಾಡಿ ನೋಡಿದಳು. ಗಾಜುಗಳು ಅಲುಗಲಿಲ್ಲ.

“ಹಂಗಾರೆ ಎಂಜಿನ್ನಿಗೂ ಇದ್ಕೂ ಸಂಬಂಧ ಇಲ್ಲ,” ಎಂದರು ಜವರಪ್ಪ. “ಚಕ್ರ ನೋಡಿದ್ದಾತು. ನಡುವೆ ಏನೈತೆ, ಅದೇ.”

ನಡುವೆ ಇದ್ದದ್ದು ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆಯಂಥ ಶಾಫ್ಟು, ಅದರ ಎರಡು ತುದಿಯ ಜಾಯಿಂಟುಗಳು. ಬುಧವಾರ ಜವರಪ್ಪ ಚಪ್ಪಲಿ ಕಳಚಿ, ಸೀಟುಗಳ ನಡುವೆ ನೆಲ ಉಬ್ಬಿರುವ ಜಾಗದಲ್ಲಿ ಅಂಗಾಲು ಊರಿ ಕೂತರು. ಶಾಫ್ಟು ಹಾಯುವುದು ಅದರ ಕೆಳಗೇ. ಅದುರನ್ನು ತಿಳಿಯುವುದು ಅವರಿಗೆ ದಿನದ ಕೆಲಸವಾಗಿಬಿಟ್ಟಿತ್ತು. ಎಡಗೈಯ ಜೋಡಿಸಿದ ನಾಳದಲ್ಲಿ ರಕ್ತ ಝುಮ್ ಎಂದು ಹರಿಯುವುದು ಬೆರಳಿಗೆ ಸಿಗುತ್ತಿದೆಯೇ ಎಂದು ರೋಗಿಗಳು ಪ್ರತಿ ಬೆಳಿಗ್ಗೆ ಮುಟ್ಟಿ ನೋಡಿಕೊಳ್ಳಬೇಕು, ಸಿಗದಿದ್ದರೆ ಕೂಡಲೇ ಆಸ್ಪತ್ರೆಗೆ ಬರಬೇಕು ಎಂದು ದಾದಿಯರು ಕಲಿಸಿದ್ದರು. ನೆಲದ ಆ ಉಬ್ಬಿನಲ್ಲೇ ನಡುಕ ಎಲ್ಲಕ್ಕಿಂತ ಜೋರಾಗಿದೆ ಎಂದು ಜವರಪ್ಪ ಹೇಳಿದರು.

ಆತಿಕಾ ಸಕಲೇಶಪುರದ ಗ್ಯಾರೇಜಿಗೆ ಹೋಗಿ ಶಾಫ್ಟು ತೋರಿಸಿದಳು. ಅಲ್ಲಿನ ಬಸವರಾಜು ಹಿಂದಿನ ಜಾಯಿಂಟಿನೊಳಗಿನ ಶಿಲುಬೆಯಾಕಾರದ ಕ್ರಾಸು ಸವೆದಿದೆಯೆಂದು ಹೊಸದು ಹಾಕಿದ. ಸವೆದಿದ್ದೂ ನಿಜವೇ. ಗೇರು ಹಾಕಿ ಕ್ಲಚ್ ಬಿಡುವಾಗ ಬರುತ್ತಿದ್ದ ಟಕ್ ಎಂಬ ಸದ್ದು ನಿಂತಿತು. ಎಂಬತ್ತಕ್ಕೆ ನಡುಗುವುದು ನಿಲ್ಲಲಿಲ್ಲ. ಹಳೇ ಕಾರು, ಅರವತ್ತರಲ್ಲಿ ಹೋಗಿ ಎಂದು ಬಸವರಾಜು ಸಲಹೆ ಕೊಟ್ಟ. ಅವನು ಹೇಳಿದ್ದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಅವನ ಬಳಿಗೆ ಬರುವ, ಎಸ್ಟೇಟು ದಾರಿಗಳಲ್ಲಿ ಓಡುವ ಜೀಪುಗಳು ಅರವತ್ತು ಮುಟ್ಟುತ್ತಲೇ ಇರಲಿಲ್ಲ.

ಆ ಸಂಜೆ ಮನೆಗೆ ಬಂದ ಆತಿಕಾ ಅಡುಗೆಮನೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು. ಬಸವರಾಜು ಹೇಳಿದ್ದು ಮನಸ್ಸಿನಲ್ಲೇ ಇತ್ತು. ತಂದೆ ಓಡಿಸಿದ್ದೂ ಅದೇ ದಾರಿಗಳಲ್ಲಿ. ಘಾಟಿಯ ತಿರುವುಗಳಲ್ಲಿ, ಎಸ್ಟೇಟಿನ ಕಲ್ಲುದಾರಿಯಲ್ಲಿ, ಗುಂಡಿ ಬಿದ್ದ ಹಳೆಯ ಹೆದ್ದಾರಿಯಲ್ಲಿ ಅವರು ಐವತ್ತು ದಾಟಿದ್ದು ಅವಳಿಗೆ ನೆನಪಿರಲಿಲ್ಲ. ಕಾರು ನಡುಗಿಲ್ಲ ಎಂದು ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ನಡುಗುವಷ್ಟು ರಸ್ತೆ ಅವರಿಗೆ ಸಿಕ್ಕಿರಲೇ ಇಲ್ಲ.

ಭಾನುವಾರ ಬೆಳಿಗ್ಗೆ ಅವಳು ತಂದೆಯನ್ನು ಕಾರಿಗೆ ಕರೆದಳು. ಎಲ್ಲಿಗೆ ಎಂದು ಅವರು ಕೇಳಿದರು. ಬಾಳ್ಳುಪೇಟೆಯವರೆಗೆ, ಸುಮ್ಮನೆ, ಎಂದಳು. ಇಸ್ಮಾಯಿಲ್ ಟೋಪಿ ಹಾಕಿಕೊಂಡು ಬಂದು ಎಡಗಡೆಯ ಸೀಟಿನಲ್ಲಿ ಕೂತರು. ಹೊಸ ರಸ್ತೆಯ ಮೇಲೆ ತಮ್ಮದೇ ಕಾರಿನಲ್ಲಿ ಹೋಗುತ್ತಿರುವುದು ಅವರಿಗೆ ಅದೇ ಮೊದಲು. ಬಾಳ್ಳುಪೇಟೆ ದಾಟಿದ ಮೇಲೆ ಆತಿಕಾ ನಿಧಾನವಾಗಿ ವೇಗ ಏರಿಸಿದಳು. ಅರವತ್ತರಲ್ಲಿ ಅವರು ಸೀಟಿಗೆ ಒರಗಿ ಕೂತಿದ್ದರು. ಎಪ್ಪತ್ತರಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಕೈ ಇಟ್ಟರು. ಎಂಬತ್ತಕ್ಕೆ ನಡುಕ ಶುರುವಾದಾಗ ಕೈಯನ್ನು ಸೀಟಿಗೆ, ಸೀಟಿನಿಂದ ನೆಲಕ್ಕೆ ಇಳಿಸಿ, ಬಗ್ಗಿ ಹಾಗೆಯೇ ಹಿಡಿದುಕೊಂಡರು. ಮುಖವನ್ನು ಕಿಟಕಿಯ ಕಡೆ ತಿರುಗಿಸಲಿಲ್ಲ.

ರಸ್ತೆಬದಿಗೆ ನಿಲ್ಲಿಸಲು ಹೇಳಿದರು.

“ಇಷ್ಟು ದಿನ ಇದರಲ್ಲಿ ಅವರಿಬ್ಬರನ್ನು ಕೂರಿಸಿಕೊಂಡು ಹೋದೆಯಾ?” ಎಂದು ಕೇಳಿದರು.

ಹೌದೆಂದಳು.

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದೆ, ಅಬ್ಬಾ. ನನ್ನ ಕಾಲು ಭಾರ ಅಂದಿರಿ.”

ಇಸ್ಮಾಯಿಲ್ ತಲೆ ಆಡಿಸಿದರು. ಈವರೆಗೆ ಏನೇನು ಮಾಡಿಸಿದ್ದಾಯಿತು ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ನ್ಯೂಟ್ರಲ್‌ನಲ್ಲಿ ಉರುಳಿಸಿ ನೋಡಿದ್ದು ಯಾರ ಯೋಚನೆ ಎಂದೂ ಕೇಳಿದರು. ಕೊನೆಗೆ, ಶಾಫ್ಟಿನ ಬಾಣಗಳನ್ನು ಯಾರಾದರೂ ನೋಡಿದರೇ ಎಂದರು. ಬಾಣ ಎಂಬ ಮಾತನ್ನು ಆತಿಕಾ ಕೇಳಿದ್ದು ಅದೇ ಮೊದಲು.

ಶಾಫ್ಟಿನ ಮುಂದಿನ ತುದಿ ಅಂಗಿಯ ತೋಳಿನಂತೆ ಟೊಳ್ಳಾದ ಒಂದು ಲೋಹದ ತೋಳಿನೊಳಗೆ ಹಿಂದೆ ಮುಂದೆ ಜಾರುತ್ತದೆ. ಗುಂಡಿ ಸಿಕ್ಕಾಗ ಹಿಂದಿನ ಚಕ್ರಗಳು ಮೇಲೆ ಕೆಳಗೆ ಆಡಲೆಂದು ಆ ಏರ್ಪಾಡು. ಒಳಗೆ ಹಲ್ಲುಗಳಿರುತ್ತವೆ. ಬಿಚ್ಚಿ ಮತ್ತೆ ಸೇರಿಸುವಾಗ ಯಾವ ಹಲ್ಲಿಗಾದರೂ ಕೂರುತ್ತದೆ. ಅದಕ್ಕೇ ತೋಳಿನ ಮೇಲೊಂದು, ಶಾಫ್ಟಿನ ಮೇಲೊಂದು ಬಾಣದ ಗುರುತು. ಎರಡೂ ಎದುರುಬದುರು ಬರಬೇಕು. ಮುಂದಿನ ಜಾಯಿಂಟು ತಿರುಗುವಾಗ ಕೊಡುವ ಜಗ್ಗನ್ನು ಹಿಂದಿನ ಜಾಯಿಂಟು ಸರಿದೂಗಿಸಬೇಕು. ಬಾಣ ತಪ್ಪಿದರೆ ಎರಡರ ಜಗ್ಗೂ ಒಂದರ ಮೇಲೊಂದು ಬೀಳುತ್ತದೆ. ನಿಧಾನದಲ್ಲಿ ಅದು ಗೊತ್ತಾಗುವುದಿಲ್ಲ. ಇಷ್ಟನ್ನು ತಂದೆ ಮನೆಗೆ ಮರಳುವ ದಾರಿಯಲ್ಲಿ ಹೇಳಿದರು.

ಮಧ್ಯಾಹ್ನ ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ, ಹಿಂದಿನ ಚಕ್ರಗಳ ಅಚ್ಚನ್ನು ಹೊದಿಸಿದ ಹೌಸಿಂಗಿನ ಎರಡು ಕಡೆಗೂ ದಪ್ಪ ಮರದ ತುಂಡುಗಳನ್ನು ಕೊಟ್ಟು, ಮುಂದಿನ ಚಕ್ರಗಳಿಗೆ ಕಲ್ಲು ಇಟ್ಟು, ಆತಿಕಾ ಗೋಣಿಚೀಲ ಹಾಸಿಕೊಂಡು ಕೆಳಗೆ ಜಾರಿದಳು. ಶಾಫ್ಟಿನ ಮುಂತುದಿಯ ಮೇಲೆ ಗ್ರೀಸು, ಕೆಮ್ಮಣ್ಣು, ಡಾಂಬರು ಎಲ್ಲ ಸೇರಿ ಗಟ್ಟಿಯಾದ ಪದರ ಕೂತಿತ್ತು. ಬಸವರಾಜು ಬಿಚ್ಚಿದ್ದು ಹಿಂದಿನ ತುದಿಯನ್ನಷ್ಟೇ. ಮುಂದಿನದನ್ನು ಮುಟ್ಟಬೇಕಾದ ಪ್ರಮೇಯ ಅವನಿಗೆ ಬಂದಿರಲಿಲ್ಲ. ಆತಿಕಾ ಚಾಕುವಿನ ಬೆನ್ನಿನಿಂದ ಕೆರೆದು, ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಳು. ಮೊದಲು ತೋಳಿನ ಮೇಲಿನ ಬಾಣ ಸಿಕ್ಕಿತು. ಶಾಫ್ಟಿನ ಮೇಲಿನದು ಅದರ ಎದುರಿಗೆ ಇರಲಿಲ್ಲ. ಕೊಳವೆಯನ್ನು ಕೈಯಿಂದ ತಿರುಗಿಸುತ್ತಾ ಉಜ್ಜುತ್ತಾ ಹೋದಾಗ ಪಕ್ಕಕ್ಕೆ, ಕೆಲವು ಹಲ್ಲುಗಳ ಆಚೆಗೆ, ಅದೂ ಕಂಡಿತು.

ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ತಂದೆಗೆ ಹೇಳಿದಳು. ನಾನು ಮುಟ್ಟಿ ನೋಡಬೇಕು ಎಂದು ಅವರು ಹಟ ಹಿಡಿದರು. ಆ ವಯಸ್ಸಿನಲ್ಲಿ ಕಾರಿನ ಕೆಳಗೆ ಬರುವುದು ಬೇಡವೆಂದು ಆತಿಕಾ ಶಾಫ್ಟನ್ನೇ ಪೂರ್ತಿ ಬಿಚ್ಚಿ ತಂದು ಅವರ ತೊಡೆಯ ಮೇಲಿಟ್ಟಳು. ಮುಂದಿನ ಜಾಯಿಂಟನ್ನೂ ಕಳಚಿದ್ದರಿಂದ ತೋಳು ಅದರ ಜೊತೆಗೇ, ಇದ್ದ ಹಾಗೆಯೇ ಬಂದಿತ್ತು. ಇಸ್ಮಾಯಿಲ್ ಹೆಬ್ಬೆರಳಿನಿಂದ ಒಂದು ಬಾಣವನ್ನು, ಆಮೇಲೆ ಇನ್ನೊಂದನ್ನು ಹುಡುಕಿದರು. ಯಾರು, ಯಾವಾಗ ಹಾಗೆ ಸೇರಿಸಿದ್ದು ಎಂಬುದು ಅವರಿಗೆ ಹೊಳೆಯಲಿಲ್ಲ. ಎಷ್ಟೋ ಗ್ಯಾರೇಜುಗಳಲ್ಲಿ ಬಿಚ್ಚಿಸಿದ್ದರು. ದಾರಿಯಲ್ಲಿ ಕೆಟ್ಟು ನಿಂತಾಗ ತಾವೇ ಮಳೆಯಲ್ಲಿ ಬಿಚ್ಚಿ ಹಾಕಿದ್ದೂ ಉಂಟು. ಯಾರದಾದರೂ ಕೈ ಇರಬಹುದಿತ್ತು.

ತೋಳನ್ನು ಎಳೆದು, ಹಲ್ಲುಗಳನ್ನು ತೊಳೆದು, ಹೊಸ ಗ್ರೀಸು ಬಳಿದು, ಬಾಣಕ್ಕೆ ಬಾಣ ಇಟ್ಟು ಅವರೇ ಒಳಗೆ ತಳ್ಳಿದರು. ಆತಿಕಾ ಅದನ್ನು ಕಾರಿಗೆ ಕೂರಿಸಿ ನಟ್ಟುಗಳನ್ನು ಬಿಗಿದಳು. ತಂದೆ ಸ್ಪ್ಯಾನರ್‌ಗಳನ್ನು ಕೈಯಿಂದ ತಡವಿ ಅಳತೆ ತಿಳಿದು ಒಂದೊಂದಾಗಿ ಕೊಟ್ಟರು.

ಬಿಸಿಲು ಇಳಿಯುವ ಮೊದಲೇ ಇಬ್ಬರೂ ಮತ್ತೆ ಬಾಳ್ಳುಪೇಟೆಯ ಆಚೆ ಹೋದರು. ಎಪ್ಪತ್ತು, ಎಪ್ಪತ್ತೈದು, ಎಂಬತ್ತು. ಹಿಂದಿನ ಚಕ್ರಗಳ ನಡುವಿನಿಂದ ಸಣ್ಣಗೆ ಊಳಿಡುವ ಸದ್ದೊಂದಿತ್ತು. ಅದು ಹಳೆಯ ಹಲ್ಲುಚಕ್ರಗಳದು, ಇನ್ನು ಹೋಗುವಂಥದಲ್ಲ. ನಡುಕ ಇರಲಿಲ್ಲ. ಇಸ್ಮಾಯಿಲ್ ಇನ್ನೂ ಸ್ವಲ್ಪ ಏರಿಸು ಎಂದರು. ಆತಿಕಾ ಏರಿಸಲಿಲ್ಲ.

ಸೋಮವಾರ ಜವರಪ್ಪ ಅಂಗಾಲು ಊರಿ ಕೂತು, ಹಾಸನದ ಮೊದಲ ಕಟ್ಟಡಗಳು ಕಾಣುವವರೆಗೂ ಕಾದರು. ಬಾಣದ ಕತೆ ಕೇಳಿ, ಪಲ್ಪಿಂಗ್ ಮನೆಯ ಶಾಫ್ಟಿಗೆ ಇಂಥದೇನೂ ಇರಲಿಲ್ಲ, ತನಗಿದು ಹೊಳೆಯುತ್ತಲೇ ಇರಲಿಲ್ಲ ಎಂದರು. ಅವರಿಗೆ ಸಂತೋಷವಾಗಿತ್ತು. ಆ ದಿನ ಸೂಜಿ ಚುಚ್ಚುವ ದಾದಿಗೂ ಅದನ್ನೇ ವಿವರಿಸಿದರಂತೆ.

ಪಾರ್ವತಮ್ಮನನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಿಟ್ಟ ದಿನ ಅವಳನ್ನು ಕರೆತರಲು ಆತಿಕಾ ಅದೇ ಕಾರನ್ನು ಒಯ್ದಿದ್ದಳು. ಪಾರ್ವತಮ್ಮ ಅದನ್ನು ನೋಡಿ ಬೆಂಚಿನ ಮೇಲಿಂದ ಏಳಲಿಲ್ಲ. ರಿಪೇರಿಯಾಗಿದೆಯೆಂದರೆ ನಂಬಲಿಲ್ಲ, ಟೈರು ಬದಲಾಯಿಸಿದಾಗಲೂ ಹಾಗೆಯೇ ಹೇಳಿದ್ದರು. ಕೊನೆಗೆ ಕಾರಿನಲ್ಲಿದ್ದ ಇಸ್ಮಾಯಿಲ್ ಇಳಿದು ಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು.

“ಕಾರು ನಂದು ಕಣಮ್ಮ. ತಪ್ಪು ಕಾರಿಂದು, ಹುಡ್ಗೀದಲ್ಲ,” ಎಂದರು. “ನಾನೂ ನಿನ್ ಪಕ್ಕದಲ್ಲೇ ಹಿಂದ್ಗಡೆ ಕೂತ್ಕೊತೀನಿ. ನಡುಗಿದ್ರೆ ಅಲ್ಲೇ ಇಳ್ಕೊಳಾಣ, ಇಬ್ರೂ ಬಸ್ಸಿಗೆ ಹೋಗಾಣ.”

ಪಾರ್ವತಮ್ಮ ಹತ್ತಿದಳು. ಆಲೂರಿನ ತಿರುವು ದಾಟುವವರೆಗೆ ಮುಂದಿನ ಸೀಟಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಆಮೇಲೆ ಒಂದು ಕೈ ಬಿಟ್ಟಳು. ಬಾಳ್ಳುಪೇಟೆಯ ಹತ್ತಿರ ಆತಿಕಾ ಕನ್ನಡಿಯಲ್ಲಿ ನೋಡಿದಾಗ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಇಸ್ಮಾಯಿಲ್ ಅಲುಗಾಡದೆ ಕೂತಿದ್ದರು.

ಬೇಸಿಗೆಯಲ್ಲಿ ಜವರಪ್ಪನವರಿಗೆ ಊರಿನ ಹತ್ತಿರದಲ್ಲೇ ಡಯಾಲಿಸಿಸ್ ಸರದಿ ಸಿಕ್ಕಿತು. ಮಗನ ಬೈಕಿನಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರ. ಕೊನೆಯ ದಿನ ಪಾಳ್ಯದಲ್ಲಿ ಇಳಿದಾಗ ಅವರು ಮನೆಯ ಹಿತ್ತಲಿನ ಒಂದು ಚೀಲ ಮೆಣಸು ಕೊಟ್ಟು, ಹಿಂದಿನ ಹೌಸಿಂಗಿನ ಎಣ್ಣೆ ನೋಡಿಸುತ್ತಿರು ಎಂದಷ್ಟೇ ಹೇಳಿ ರಸ್ತೆ ದಾಟಿದರು.

ಅವರ ಜಾಗಕ್ಕೆ, ಪಾರ್ವತಮ್ಮನ ಪಕ್ಕಕ್ಕೆ, ಈಗ ಆಲೂರಿನ ಶೀಲಾ ಎಂಬ ಟೀಚರ್ ಬರುತ್ತಾರೆ. ದಾರಿಯುದ್ದಕ್ಕೂ ಫೋನಿನಲ್ಲಿ ಮಕ್ಕಳ ಉತ್ತರ ಪತ್ರಿಕೆಗಳ ಬಗ್ಗೆ ಯಾರೊಂದಿಗೋ ಮಾತಾಡುತ್ತಾರೆ. ಒಮ್ಮೆ ಮಾತು ನಿಲ್ಲಿಸಿ, ಈ ಕಾರು ಎಷ್ಟು ಹಳೆಯದು ಎಂದು ಆತಿಕಾಳನ್ನು ಕೇಳಿದರು. ಆತಿಕಾ ಹೇಳಿದಳು. ಅವರು ಹೌದಾ ಎಂದು, ಗಾಜು ಸ್ವಲ್ಪ ಇಳಿಸಿಕೊಂಡು, ಮತ್ತೆ ಫೋನಿಗೆ ತಿರುಗಿದರು.